ಮಾಮೂಲು ದುರಸ್ತಿಗೆ ದೀರ್ಘಾವಧಿ ಗುತ್ತಿಗೆ: ಇಂಗಳೇಶ್ವರದ ಎರೆ ನೆಲದಲ್ಲಿ ಕಂಡದ್ದು, ನಮ್ಮ ಮಲೆನಾಡಿಗೆ ಬೇಕಾದದ್ದು

ರಸ್ತೆ ಬೆಳೆಗಾರನಿಗೆ ವರ್ಷವಿಡೀ ಬೇಕು. ಆದರೆ ಅದಿಲ್ಲದೆ ಗತ್ಯಂತರವೇ ಇಲ್ಲದ ಕಾಲವೊಂದಿದೆ. ದಸರಾ ಕಳೆಯುತ್ತಲೇ ಅಡಿಕೆ ಕೊಯ್ಲು ಮೊದಲಾಗುತ್ತದೆ. ನವೆಂಬರಿನಲ್ಲಿ ಅರೇಬಿಕಾ ಹಣ್ಣಾಗುತ್ತದೆ. ಸಂಕ್ರಾಂತಿಯ ಹೊತ್ತಿಗೆ ರೋಬಸ್ಟಾ ಬರುತ್ತದೆ. ಈ ನಾಲ್ಕೈದು ತಿಂಗಳು ಗೊನೆ, ಹಣ್ಣು, ಗೊಬ್ಬರ, ಆಳು ಎಲ್ಲವೂ ನಮ್ಮ ಊರಿನ ಸಣ್ಣ ದಾರಿಗಳ ಮೇಲೆಯೇ ಓಡಾಡಬೇಕು. ಆ ದಾರಿಯ ಒಂದು ಮೋರಿ ಕುಸಿದಿದ್ದರೆ ಜೀಪು ನಿಲ್ಲುತ್ತದೆ, ಹಣ್ಣು ಚೀಲದಲ್ಲೇ ಕಾವಿಗೆ ಬರುತ್ತದೆ. ಆಗ ತಲೆಹೊರೆಯಲ್ಲಿ ಸಾಗಿಸಿದ ಕೂಲಿಯೆಲ್ಲ ಬೆಳೆಗಾರನ ಕಿಸೆಯಿಂದಲೇ ಹೋಗಬೇಕು.

ಮೋರಿ ಕುಸಿಯುವುದು ಕೊಯ್ಲಿನಲ್ಲಲ್ಲ, ಆಷಾಢದ ಮಳೆಯಲ್ಲಿ. ಎಂದರೆ ಸರಿಪಡಿಸಲು ನಡುವೆ ಮೂರು ತಿಂಗಳು ಕಾಲಾವಕಾಶ ಇದ್ದೇ ಇರುತ್ತದೆ. ಆದರೂ ದುರಸ್ತಿ ನಡೆಯುವುದು ಸಾಮಾನ್ಯವಾಗಿ ಫೆಬ್ರವರಿಯಲ್ಲಿ. ಬಿಲ್ಲು ಆಗುವುದು ಮಾರ್ಚಿ ಕೊನೆಯ ವಾರದಲ್ಲಿ. ಆ ಹೊತ್ತಿಗೆ ಕೊಯ್ಲು ಮುಗಿದಿರುತ್ತದೆ. ಹೊಸ ಮಣ್ಣು ಕೂರುವ ಮೊದಲೇ ಮುಂದಿನ ಮಳೆ ಬಂದು ಅದನ್ನೂ ಕೊಚ್ಚಿಕೊಂಡು ಹೋಗುತ್ತದೆ. ಪ್ರತಿ ವರ್ಷವೂ ಇದೇ ಕಥೆ. ಇದಕ್ಕೆ ಒಬ್ಬ ಇಂಜಿನಿಯರನನ್ನೋ ಒಬ್ಬ ಪಂಚಾಯಿತಿ ಸದಸ್ಯನನ್ನೋ ದೂರಿ ಪ್ರಯೋಜನವಿಲ್ಲವೆಂಬುದು ನಮ್ಮ ಅಭಿಪ್ರಾಯ. ದೋಷವಿರುವುದು ಗುತ್ತಿಗೆಯ ಕ್ರಮದಲ್ಲಿ. ಆ ಕ್ರಮವನ್ನು ಬದಲಿಸುವ ಬಗೆಯೊಂದನ್ನು ಸದಸ್ಯ ಬಂಧುಗಳ ಮುಂದಿಡುವುದೇ ಈ ಲೇಖನದ ಉದ್ದೇಶ. ಬರುವ ಮಹಾಸಭೆಯಲ್ಲಿ ಇದೇ ವಿಷಯದ ಮೇಲೆ ಎರಡು ನಿರ್ಣಯಗಳು ಚರ್ಚೆಗೆ ಬರಲಿವೆ.

ತೊಂಬತ್ತು ದಿನಗಳ ಲೆಕ್ಕ

ಸಣ್ಣದೊಂದು ಮೋರಿಯ ದುರಸ್ತಿಯನ್ನೇ ತೆಗೆದುಕೊಳ್ಳೋಣ. ಜುಲೈ ೧೫ರಂದು ಅದು ಕುಸಿಯಿತೆನ್ನಿ. ಇಂಜಿನಿಯರು ಬಂದು ನೋಡಿ ಅಂದಾಜುಪಟ್ಟಿ ತಯಾರಿಸಲು ೧೫ ದಿನ. ಮೇಲಿನವರ ಮಂಜೂರಾತಿಗೆ ೧೫ ದಿನ. ಟೆಂಡರು ಪ್ರಕಟಣೆಯಿಂದ ಅದನ್ನು ತೆರೆಯುವವರೆಗೆ ೩೦ ದಿನ. ದರ ಪರಿಶೀಲಿಸಿ, ಒಪ್ಪಿಗೆ ಪಡೆದು, ಕರಾರುಪತ್ರವಾಗಲು ೨೦ ದಿನ. ಕಂಟ್ರಾಕ್ಟರು ಜಲ್ಲಿ, ಸಿಮೆಂಟು, ಆಳು ಕೂಡಿಸಿಕೊಂಡು ಬರಲು ೧೦ ದಿನ. ಒಟ್ಟು ೯೦ ದಿನ. ಯಾರೂ ರಜೆ ಹಾಕದೆ, ಯಾವ ಕಡತವೂ ಎಲ್ಲಿಯೂ ಮಲಗದೆ, ಎಲ್ಲವೂ ಸುಸೂತ್ರವಾಗಿ ನಡೆದರೂ ಕೆಲಸ ಆರಂಭವಾಗುವುದು ಅಕ್ಟೋಬರ್ ಮಧ್ಯಭಾಗದಲ್ಲಿ. ಒಂದು ಹಂತದಲ್ಲಿ ಎಡವಿದರೆ ಸಾಕು, ಅದು ಹೊಸ ವರ್ಷಕ್ಕೆ ಜಾರುತ್ತದೆ. ಮೊದಲ ಟೆಂಡರಿಗೆ ಯಾರೂ ಬಾರದೆ ಮರುಟೆಂಡರು ಕರೆಯಬೇಕಾಗಿ ಬಂದರಂತೂ ಹೇಳುವುದೇ ಬೇಡ. ಸಣ್ಣ ಕೆಲಸಕ್ಕೆ, ಅದರಲ್ಲೂ ಘಟ್ಟದ ಒಳಭಾಗದ ಕೆಲಸಕ್ಕೆ, ಬರುವವರೇ ಕಡಿಮೆ.

ಟೆಂಡರು ಬೇಡವೆಂದು ನಾವು ಹೇಳುತ್ತಿಲ್ಲ. ಸಾರ್ವಜನಿಕ ಹಣ ಖರ್ಚಾಗುವ ಕಡೆ ಪೈಪೋಟಿ ಇರಲೇಬೇಕು. ನಮ್ಮ ರಾಜ್ಯದಲ್ಲಿ ೧೯೯೯ರಲ್ಲಿ ಸಾರ್ವಜನಿಕ ಸಂಗ್ರಹಣೆಗಳಲ್ಲಿ ಪಾರದರ್ಶಕತೆಯ ಅಧಿನಿಯಮವಾಯಿತು. ೨೦೦೦ದಲ್ಲಿ ಅದರ ನಿಯಮಗಳು ಬಂದವು. ಆಗಿನ ನಿಯಮದಂತೆ ೨ ಕೋಟಿ ರೂಪಾಯಿವರೆಗಿನ ಟೆಂಡರಿಗೆ ಕನಿಷ್ಠ ೩೦ ದಿನ, ಅದಕ್ಕೆ ಮೇಲ್ಪಟ್ಟದ್ದಕ್ಕೆ ೬೦ ದಿನ ಕಾಲಾವಕಾಶ ಕೊಡಬೇಕಾಗಿತ್ತು. ಆಮೇಲೆ ತಿದ್ದುಪಡಿಗಳೂ ಆಗಿವೆ. ಹತ್ತಾರು ಜನ ಕಂಟ್ರಾಕ್ಟರುಗಳಿಗೆ ಸುದ್ದಿ ತಿಳಿಯಲಿ, ಒಳಗೊಳಗೇ ಹಂಚಿಕೆಯಾಗದಿರಲಿ ಎಂಬುದು ಇದರ ಆಶಯ. ಆಶಯ ಒಳ್ಳೆಯದೇ. ಆದರೆ ಹೊಸ ಸೇತುವೆಗೂ ಹಳೆಯ ಮೋರಿಯ ಒಂದು ಕಲ್ಲಿಗೂ ಒಂದೇ ವಿಧಿಯನ್ನು ನಡೆಸಿದರೆ ಮದುವೆಗೂ ಮುಂಜಿಗೂ ಅಷ್ಟೇ ಅಡಿಗೆ ಮಾಡಿದಂತಾಗುತ್ತದೆ.

ಈ ತೊಡಕನ್ನು ತಪ್ಪಿಸಿಕೊಳ್ಳಲು ಸರಕಾರಗಳು ಬೇರೆ ದಾರಿಗಳನ್ನು ಹುಡುಕಿದ್ದುಂಟು. ೧೯೭೪ರಲ್ಲಿ ಕರ್ನಾಟಕ ಭೂಸೇನಾ ನಿಗಮ ಸ್ಥಾಪನೆಯಾಯಿತು. ೨೦೦೯ರಲ್ಲಿ ಅದಕ್ಕೆ ಗ್ರಾಮೀಣ ಮೂಲಸೌಕರ್ಯ ಅಭಿವೃದ್ಧಿ ನಿಗಮವೆಂದು ಹೆಸರಾಯಿತು. ಇಂಥ ಸಂಸ್ಥೆಗಳಿಗೆ ಟೆಂಡರಿಲ್ಲದೆ ಕೆಲಸ ವಹಿಸುವ ಪದ್ಧತಿ ಬೆಳೆಯಿತು. ಅದರಿಂದ ಸಮಯ ಉಳಿಯುತ್ತದೆ, ಪೈಪೋಟಿ ಉಳಿಯುವುದಿಲ್ಲ. ನಮಗೆ ಬೇಕಾದದ್ದು ಎರಡನ್ನೂ ಉಳಿಸುವ ಉಪಾಯ.

ಕೊನೆಗಾರನ ಕರಾರು

ಆ ಉಪಾಯ ನಮ್ಮ ತೋಟದಲ್ಲೇ ಇದೆ. ಅಡಿಕೆಗೆ ಕೊಳೆರೋಗದ ಔಷಧಿ ಹೊಡೆಸುವವರು ಯಾರೂ ಮಳೆ ಹೊಳವಾದ ದಿನ ಬೆಳಿಗ್ಗೆ ಎದ್ದು ಮೂರು ಮಂದಿ ಕೊನೆಗಾರರಿಂದ ದರಪತ್ರ ತರಿಸುವುದಿಲ್ಲ. ಮಳೆಗಾಲಕ್ಕೆ ಮೊದಲೇ ಮಾತಾಗಿರುತ್ತದೆ: ಒಂದು ಡ್ರಮ್ಮು ಬೋರ್ಡೋ ದ್ರಾವಣಕ್ಕೆ ಇಷ್ಟು, ಊಟ ಯಾರದು, ದೋಟಿ ಯಾರದು. ಎಷ್ಟು ಡ್ರಮ್ಮು ಆಗುತ್ತದೆಂದು ಆ ದಿನ ಇಬ್ಬರಿಗೂ ಗೊತ್ತಿರುವುದಿಲ್ಲ. ಎರಡು ಸಲ ಹೊಡೆಯಬೇಕೋ ಮೂರು ಸಲವೋ ಎಂಬುದನ್ನು ಮಳೆ ತೀರ್ಮಾನಿಸುತ್ತದೆ. ದರ ನಿಗದಿ, ಪ್ರಮಾಣ ಮುಕ್ತ. ಹೇಳಿಕಳಿಸಿದ ದಿನ ಕೊನೆಗಾರ ಬರುತ್ತಾನೆ, ಹೊಡೆದ ಡ್ರಮ್ಮಿನ ಲೆಕ್ಕಕ್ಕೆ ಹಣ ಪಡೆಯುತ್ತಾನೆ. ಕೆಲಸ ಚೆನ್ನಾಗಿದ್ದರೆ ಮುಂದಿನ ವರ್ಷವೂ ಅವನೇ. ಗೊನೆ ಕೊಳೆತರೆ ಬೇರೆಯವನು. ಕಾಫಿಯವರ ಮರಕಸಿಯಲ್ಲಿಯೂ ಹೀಗೆ ವರ್ಷವರ್ಷಕ್ಕೆ ಬರುವ ತಂಡಗಳುಂಟು.

ಸಾರ್ವಜನಿಕ ಕಾಮಗಾರಿಯಲ್ಲಿ ಇದಕ್ಕೆ ಅವಧಿ ಗುತ್ತಿಗೆ ಎನ್ನಬಹುದು. ಅದರ ಚೌಕಟ್ಟು ಇಷ್ಟೇ. ಒಂದು ಪ್ರದೇಶದ ಎಲ್ಲ ಸಣ್ಣ ದುರಸ್ತಿಗಳಿಗೂ ಸೇರಿಸಿ ಒಂದೇ ಸಲ ಬಹಿರಂಗ ಟೆಂಡರು. ಕೆಲಸಗಳ ಪಟ್ಟಿ ಇರುವುದಿಲ್ಲ. ಅದರ ಬದಲು ಲೋಕೋಪಯೋಗಿ ಇಲಾಖೆಯ ದರಪಟ್ಟಿಯೇ ಆಧಾರ. ಮಣ್ಣು ಅಗೆತ, ಕಲ್ಲು ಕಟ್ಟಡ, ಕಾಂಕ್ರೀಟು, ಗುಂಡಿ ಮುಚ್ಚುವುದು, ಚರಂಡಿ ಬಿಡಿಸುವುದು ಎಲ್ಲಕ್ಕೂ ಆ ಪಟ್ಟಿಯಲ್ಲಿ ದರವಿದೆ. ಕಂಟ್ರಾಕ್ಟರು ಆ ಇಡೀ ಪಟ್ಟಿಗೆ ಒಂದೇ ಮಾತು ಹೇಳಬೇಕು: ಶೇಕಡಾ ಇಷ್ಟು ಹೆಚ್ಚು, ಇಲ್ಲವೆ ಶೇಕಡಾ ಇಷ್ಟು ಕಡಿಮೆ. ಕರಾರಾದ ಮೇಲೆ ಎರಡು ಮೂರು ವರ್ಷ ಅದೇ ನಡೆಯುತ್ತದೆ. ಮೋರಿ ಕುಸಿದಾಗ ಅಳತೆ, ಕೆಲಸದ ಆದೇಶ, ಕೆಲಸ, ಹಣ ಪಾವತಿ. ಟೆಂಡರಿನ ಮಾತೇ ಇಲ್ಲ.

ಲೆಕ್ಕಕ್ಕಾಗಿ ಒಂದು ಉದಾಹರಣೆ. ಒಬ್ಬರು ಶೇಕಡಾ ೪ ಕಡಿಮೆಗೆ ಒಪ್ಪಿದ್ದಾರೆ, ಇನ್ನೊಬ್ಬರು ಶೇಕಡಾ ೨ ಹೆಚ್ಚು ಕೇಳಿದ್ದಾರೆ ಎನ್ನೋಣ. ದರಪಟ್ಟಿಯಂತೆ ೫೦,೦೦೦ ರೂಪಾಯಿ ಆಗುವ ಕೆಲಸಕ್ಕೆ ಮೊದಲನೆಯವರಿಗೆ ೪೮,೦೦೦, ಎರಡನೆಯವರಿಗೆ ೫೧,೦೦೦. ಮರುವರ್ಷ ದರಪಟ್ಟಿ ಪರಿಷ್ಕರಣೆಯಾಗಿ ಅದೇ ಕೆಲಸಕ್ಕೆ ೫೪,೦೦೦ ಆದರೆ ಮೊದಲನೆಯವರಿಗೆ ೫೧,೮೪೦ ಸಿಗುತ್ತದೆ. ಸಿಮೆಂಟು, ಡೀಸೆಲ್ಲು, ಡಾಂಬರುಗಳ ಬೆಲೆ ಏರಿದರೂ ಕಂಟ್ರಾಕ್ಟರು ಕೈಬಿಟ್ಟು ಓಡಬೇಕಾಗಿಲ್ಲ. ಇಳಿದರೆ ಹಣ ಕೊಡುವವರಿಗೂ ನಷ್ಟವಿಲ್ಲ. ಶೇಕಡಾವಾರು ಇಡೀ ಪಟ್ಟಿಗೆ ಅನ್ವಯಿಸುವುದರಿಂದ, ಹೆಚ್ಚು ಬಳಕೆಯಾಗುವ ಒಂದೆರಡು ಬಾಬುಗಳಿಗೆ ಮಾತ್ರ ದರ ಏರಿಸಿ ಉಳಿದದ್ದರಲ್ಲಿ ಇಳಿಸಿ ತೋರಿಸುವ ಚಮತ್ಕಾರಕ್ಕೂ ಎಡೆಯಿಲ್ಲ.

ಇಂಗಳೇಶ್ವರದ ಕಡೆ

ಕಳೆದ ಚಳಿಗಾಲದಲ್ಲಿ ಸಂಘದ ಕೆಲವು ಸದಸ್ಯರೊಡನೆ ನಾವು ವಿಜಯಪುರ ಜಿಲ್ಲೆಗೆ ಹೋಗಿದ್ದೆವು. ಕೂಡಲಸಂಗಮ, ಆಲಮಟ್ಟಿ ನೋಡಿಕೊಂಡು ಬಸವನ ಬಾಗೇವಾಡಿಗೂ, ಅಲ್ಲಿಂದ ಇಂಗಳೇಶ್ವರಕ್ಕೂ ಹೋದೆವು. ಬಸವಣ್ಣನವರ ಜನನದೊಡನೆ ಹೆಸರು ಕೂಡಿಕೊಂಡ ಊರದು. ಕಲ್ಲಿನಲ್ಲಿ ವಚನಗಳನ್ನು ಕೆತ್ತಿಸಿಟ್ಟ ಮಂಟಪವನ್ನು ನೋಡಲು ದೂರದಿಂದ ಜನ ಬರುತ್ತಾರೆ. ಅಲ್ಲಿನ ಬೇಸಾಯಕ್ಕೂ ನಮ್ಮದಕ್ಕೂ ಹೋಲಿಕೆಯೇ ಇಲ್ಲ. ನಮ್ಮಲ್ಲಿ ಮಳೆ ಸಾವಿರಗಟ್ಟಲೆ ಮಿಲಿಮೀಟರಿನ ಲೆಕ್ಕ. ಅಲ್ಲಿ ಇಡೀ ವರ್ಷಕ್ಕೆ ಆರುನೂರರ ಆಸುಪಾಸು. ನಮ್ಮದು ಜಂಬಿಟ್ಟಿಗೆಯ ಕೆಂಪು ನೆಲ, ಅಲ್ಲಿಯದು ಎರೆ. ಜೋಳ, ತೊಗರಿ, ಕಡಲೆ, ಇಂಡಿಯ ಕಡೆ ಲಿಂಬೆ. ಮರದ ನೆರಳೆಂಬುದು ಅಪರೂಪ.

ಆದರೂ ಈ ಎರಡು ಸೀಮೆಗಳನ್ನು ಬಹುಕಾಲ ಒಂದೇ ರಸ್ತೆ ಕಟ್ಟಿಹಾಕಿತ್ತು. ಹಳೆಯ ೧೩ನೇ ಸಂಖ್ಯೆಯ ರಾಷ್ಟ್ರೀಯ ಹೆದ್ದಾರಿ ಸೊಲ್ಲಾಪುರದಿಂದ ಹೊರಟು ವಿಜಯಪುರ, ಹೊಸಪೇಟೆ, ಚಿತ್ರದುರ್ಗ, ಶಿವಮೊಗ್ಗ, ತೀರ್ಥಹಳ್ಳಿ, ಕೊಪ್ಪ, ಶೃಂಗೇರಿ, ಕಾರ್ಕಳದ ಮೇಲೆ ಮಂಗಳೂರು ಸೇರುತ್ತಿತ್ತು. ಈಗ ಅದಕ್ಕೆ ತುಂಡು ತುಂಡಾಗಿ ಬೇರೆ ಬೇರೆ ಸಂಖ್ಯೆಗಳು ಬಂದಿವೆ. ಹೆದ್ದಾರಿಯ ಎರಡು ತುದಿಗಳಲ್ಲೂ ಅದರಿಂದ ಕವಲೊಡೆದ ಹಳ್ಳಿ ದಾರಿಗಳ ಗೋಳು ಒಂದೇ ಎಂಬುದನ್ನು ನಾವು ಅಲ್ಲಿ ಕಂಡೆವು.

ಎರೆ ನೆಲದ ಗುಣವೇ ಬೇರೆ. ನೀರು ಕುಡಿದರೆ ಉಬ್ಬುತ್ತದೆ, ಒಣಗಿದರೆ ಬಿರಿಯುತ್ತದೆ. ಮೇಲೆ ಹಾಕಿದ ಡಾಂಬರು ಅದರೊಡನೆ ಏರಿಳಿದು, ಉದ್ದಕ್ಕೂ ಸೀಳು ಬಿಡುತ್ತದೆ. ಬದಿಯ ಮಣ್ಣು ಮೊದಲು ಕುಗ್ಗುತ್ತದೆ, ಅಂಚು ಮುರಿಯುತ್ತದೆ, ಆ ಸೀಳಿನಲ್ಲಿ ಮುಂದಿನ ಮಳೆಯ ನೀರಿಳಿದು ಅಡಿಪಾಯವನ್ನೇ ಮೆತ್ತಗೆ ಮಾಡುತ್ತದೆ. ಬೇಸಿಗೆಯಲ್ಲಿ ಸೀಳು ಬೆರಳಗಲ ಇರುವಾಗಲೇ ಮುಚ್ಚಿ, ಬದಿಗೆ ಗರಸು ಹಾಕಿ ಗಟ್ಟಿಮಾಡಿದರೆ ರಸ್ತೆ ಬಾಳುತ್ತದೆ. ಒಂದು ಮಳೆ ಕಳೆದ ಮೇಲೆ ಅದೇ ಕೆಲಸಕ್ಕೆ ರಸ್ತೆಯನ್ನೇ ಅಗೆಯಬೇಕು. ನಮ್ಮಲ್ಲಿ ಚರಂಡಿ ಕಟ್ಟಿಕೊಂಡು, ಧರೆ ಕುಸಿದು, ನೀರು ರಸ್ತೆಯ ಮೇಲೆ ಹರಿದು ಕೊರೆಯುತ್ತದೆ. ಕಾರಣ ಬೇರೆ, ಪಾಠ ಒಂದೇ: ಸಣ್ಣದಿದ್ದಾಗ ಸರಿಪಡಿಸಿದರೆ ಸಣ್ಣ ಖರ್ಚು.

ಅಲ್ಲಿನ ಹಿರಿಯ ರೈತರೊಬ್ಬರೊಡನೆ ಮಾತಿಗೆ ಕುಳಿತಾಗ, "ಗೌಡರೇ, ನಿಮ್ಮ ಕಡೆ ರಸ್ತೆ ಹಾಳಾದರೆ ಯಾರಿಗೆ ಹೇಳುತ್ತೀರಿ?" ಎಂದು ಕೇಳಿದೆವು. ಅವರು ನಕ್ಕು ಅಂದರು: "ಹೊಸಾ ರಸ್ತಾ ಮಾಡೂದಂದ್ರ ಎಲ್ಲಾರೂ ಮುಂದ ಬರ್ತಾರ್ರೀ ಸಾಹೇಬ್ರ. ಹಾರ ಹಾಕ್ತಾರ, ಕಾಯಿ ಒಡೀತಾರ. ಹಳೇದು ತಿದ್ದಾಕ ಯಾರು ಕಾಯಿ ಒಡೀತಾರ್ರೀ?" ಇಡೀ ಸಮಸ್ಯೆಯನ್ನು ಇದಕ್ಕಿಂತ ಚಿಕ್ಕದಾಗಿ ಹೇಳುವುದು ನಮ್ಮಿಂದಾಗದು.

ನಮ್ಮ ದೇಶದಲ್ಲೇ ಇರುವ ಮಾದರಿಗಳು

ಅವಧಿ ಗುತ್ತಿಗೆ ಎಂದೊಡನೆ ಇದೇನೋ ಪರದೇಶದ ಹೊಸ ಪದ್ಧತಿ ಎಂದುಕೊಳ್ಳಬೇಕಾಗಿಲ್ಲ. ಇಂಗಳೇಶ್ವರಕ್ಕೆ ಹೋಗುವ ಬಾಗೇವಾಡಿ ತಾಲ್ಲೂಕಿನಲ್ಲೇ ಗದಗ-ಹೋಟಗಿ ರೈಲು ಮಾರ್ಗದ ಮೇಲೆ ಬಸವನ ಬಾಗೇವಾಡಿ ರೋಡ್ ಎಂಬ ನಿಲ್ದಾಣವಿದೆ. ೨೦೦೩ರಲ್ಲಿ ಹುಬ್ಬಳ್ಳಿಯನ್ನು ಕೇಂದ್ರವಾಗಿ ಮಾಡಿಕೊಂಡು ರೂಪುಗೊಂಡ ನೈಋತ್ಯ ರೈಲ್ವೆಗೆ ಸೇರಿದ ಮಾರ್ಗವದು. ಭಾರತೀಯ ರೈಲ್ವೆಯಲ್ಲಿ ಬಹುಕಾಲದಿಂದ ವಲಯ ಗುತ್ತಿಗೆ ಎಂಬ ವ್ಯವಸ್ಥೆಯಿದೆ. ಅವರು ಝೋನಲ್ ಕಾಂಟ್ರಾಕ್ಟು ಎನ್ನುತ್ತಾರೆ. ಮಾರ್ಗವನ್ನು ವಲಯಗಳಾಗಿ ಹಂಚಿ, ಪ್ರತಿ ವಲಯದ ಸಣ್ಣಪುಟ್ಟ ಹೊಸ ಕೆಲಸ, ಮಾರ್ಪಾಡು, ದುರಸ್ತಿಗಳಿಗೆಲ್ಲ ಸೇರಿಸಿ ಒಂದೇ ಟೆಂಡರು ಕರೆಯುತ್ತಾರೆ. ರೈಲ್ವೆಯ ದರಪಟ್ಟಿಗೆ ಶೇಕಡಾವಾರು ಹೆಚ್ಚು ಕಡಿಮೆ ಹೇಳಬೇಕು. ಅವಧಿ ಸಾಮಾನ್ಯವಾಗಿ ಒಂದು ವರ್ಷ. ಒಂದೊಂದು ಕೆಲಸದ ಆದೇಶಕ್ಕೂ ಹಣದ ಮಿತಿಯುಂಟು. ಮಿತಿ ಮೀರಿದರೆ ಪ್ರತ್ಯೇಕ ಟೆಂಡರು. ವಸತಿಗೃಹದ ಸೋರುವ ಮಾಡಿಗೂ ಪ್ಲಾಟ್‌ಫಾರಮ್ಮಿನ ಒಡೆದ ಕಲ್ಲಿಗೂ ಬೇರೆ ಬೇರೆ ಟೆಂಡರು ಕರೆಯಬೇಕಾಗಿ ಬಂದಿದ್ದರೆ ರೈಲ್ವೆ ಇಲಾಖೆ ಬರೀ ಟೆಂಡರು ಕರೆಯುವ ಇಲಾಖೆಯಾಗುತ್ತಿತ್ತು. ಸೈನ್ಯದ ಕಟ್ಟಡಗಳನ್ನು ನೋಡಿಕೊಳ್ಳುವ ಮಿಲಿಟರಿ ಇಂಜಿನಿಯರ್ ಸರ್ವಿಸಸ್‌ನವರಲ್ಲಿಯೂ ತಮ್ಮದೇ ದರಪಟ್ಟಿಯ ಆಧಾರದ ಮೇಲೆ ಅವಧಿ ಗುತ್ತಿಗೆಗಳುಂಟು.

ನಮ್ಮ ಹಳ್ಳಿಗಳಿಗೆ ಇನ್ನೂ ಹತ್ತಿರದ ಮಾದರಿ ಪ್ರಧಾನಮಂತ್ರಿ ಗ್ರಾಮ ಸಡಕ್ ಯೋಜನೆ. ೨೦೦೦ದ ಡಿಸೆಂಬರ್ ೨೫ರಂದು ಆರಂಭವಾದ ಈ ಯೋಜನೆಯಲ್ಲಿ ರಸ್ತೆ ಕಟ್ಟಿದವರೇ ೫ ವರ್ಷ ಅದರ ನಿರ್ವಹಣೆಯನ್ನೂ ನೋಡಿಕೊಳ್ಳಬೇಕೆಂಬುದು ಮೂಲ ಕರಾರಿನಲ್ಲೇ ಸೇರಿದೆ. ನಿರ್ವಹಣೆಗೆ ವರ್ಷವಾರು ಮೊತ್ತ ಮೊದಲೇ ನಿಗದಿಯಾಗಿರುತ್ತದೆ. ಆ ಹಣವನ್ನು ರಾಜ್ಯ ಸರಕಾರ ಕೊಡಬೇಕು. ರಸ್ತೆಯ ಆರಂಭದಲ್ಲಿ ನಿಲ್ಲಿಸುವ ಫಲಕದ ಮೇಲೆ ಇದೆಲ್ಲ ಬರೆದಿರುತ್ತದೆ. ಇಂಗಳೇಶ್ವರದ ಸುತ್ತ ತಿರುಗಾಡುವಾಗ ಅಂಥ ಒಂದು ಫಲಕದ ಮುಂದೆ ನಮ್ಮ ಸದಸ್ಯರೊಬ್ಬರು ನಿಂತು ಐದು ವರ್ಷಗಳ ಮೊತ್ತವನ್ನೂ ಓದಿ, "ನಮ್ಮೂರ ಫಲಕ ಇಪ್ಪತ್ತು ಸಲ ದಾಟಿದ್ದೇನೆ, ಒಂದು ಸಲವೂ ಓದಲಿಲ್ಲವಲ್ಲ ಮಾರಾಯ್ರೆ!" ಎಂದರು. ಈಚಿನ ವರ್ಷಗಳಲ್ಲಿ ಇ-ಮಾರ್ಗ್ ಎಂಬ ಗಣಕ ವ್ಯವಸ್ಥೆ ಬಂದು, ಗುಂಡಿ ಮುಚ್ಚಿದೆಯೇ, ಬದಿ ಸರಿಯಿದೆಯೇ, ಚರಂಡಿ ಬಿಡಿಸಿದೆಯೇ ಎಂದು ರಸ್ತೆಯ ಸ್ಥಿತಿಗೆ ಅಂಕ ಹಾಕಿ, ಆ ಪ್ರಕಾರ ನಿರ್ವಹಣೆಯ ಹಣ ಬಿಡುಗಡೆ ಮಾಡುವ ಕ್ರಮ ಜಾರಿಯಾಗಿದೆ. ಎಷ್ಟು ಬುಟ್ಟಿ ಜಲ್ಲಿ ಸುರಿದರು ಎಂಬುದಕ್ಕಿಂತ ರಸ್ತೆ ಹೇಗಿದೆ ಎಂಬುದಕ್ಕೆ ಹಣ.

ಐದು ವರ್ಷ ಮುಗಿದ ಮೇಲೆ ಏನು? ಇಲ್ಲಿಯೇ ನಮ್ಮ ಸದಸ್ಯರು ಗಮನಿಸಬೇಕಾದ ಸಂಗತಿ ಇರುವುದು. ಆ ಮೇಲೆ ಇಂಥ ರಸ್ತೆಗಳನ್ನು ವಲಯವಾರು ಕೂಡಿಸಿ, ಮತ್ತೆ ಐದು ವರ್ಷಗಳ ನಿರ್ವಹಣಾ ಗುತ್ತಿಗೆಗೆ ಕೊಡಬೇಕೆಂದು ಯೋಜನೆಯ ಮಾರ್ಗಸೂಚಿಯಲ್ಲೇ ಹೇಳಿದೆ. ಸಕಾಲದಲ್ಲಿ ಮರುಡಾಂಬರು ಹಾಕುವುದೂ ಅದರಲ್ಲಿ ಸೇರಬೇಕು. ನಾವು ಕೇಳುವುದು ಹೊಸ ಕಾನೂನಲ್ಲ, ಕಾಗದದ ಮೇಲಿರುವ ಈ ಮಾತು ನಮ್ಮ ತಾಲ್ಲೂಕಿನ ಹಳೆಯ ರಸ್ತೆಗಳಿಗೂ ನಡೆಯಲಿ ಎಂದಷ್ಟೇ.

ಬೇರೆ ರಾಜ್ಯಗಳೂ ಈ ದಾರಿ ಹಿಡಿದಿವೆ. ಪಂಜಾಬಿನ ಸಂಗ್ರೂರು, ಮಾನ್ಸಾ, ಬಠಿಂಡಾ ಸುತ್ತಿನ ರಸ್ತೆಗಳನ್ನು ವಿಶ್ವ ಬ್ಯಾಂಕಿನ ಸಾಲದ ನೆರವಿನಿಂದ ಹತ್ತು ವರ್ಷಗಳ ಒಂದೇ ಗುತ್ತಿಗೆಗೆ ಕೊಡಲಾಯಿತು. ಬಿಹಾರ ೨೦೧೩ರಿಂದ ರಾಜ್ಯದ ರಸ್ತೆಗಳಿಗೆ ದೀರ್ಘಾವಧಿಯ ನಿರ್ವಹಣಾ ಗುತ್ತಿಗೆ ಆರಂಭಿಸಿತು. ಹೊರದೇಶಗಳ ಪೈಕಿ ಕೆನಡಾದ ಬ್ರಿಟಿಷ್ ಕೊಲಂಬಿಯಾ ಪ್ರಾಂತ್ಯ ೧೯೮೮ರಲ್ಲೇ ತನ್ನ ಹೆದ್ದಾರಿಗಳ ನಿರ್ವಹಣೆಯನ್ನು ವಲಯ ವಲಯವಾಗಿ ಗುತ್ತಿಗೆಗೆ ವಹಿಸಿತು. ಈಚಿನ ಕರಾರುಗಳು ಹತ್ತು ವರ್ಷಗಳವು. ಅಮೆರಿಕದ ಸೈನ್ಯ ೧೯೮೦ರ ದಶಕದಲ್ಲಿ ತನ್ನ ಕಟ್ಟಡಗಳ ದುರಸ್ತಿಗೆ ದರಪಟ್ಟಿಯ ಮೇಲೆ ಕೆಲಸದ ಆದೇಶ ಕೊಡುವ ಗುತ್ತಿಗೆಯನ್ನು ರೂಢಿಗೆ ತಂದಿತು. ಅಲ್ಲಿಂದ ಅದು ಶಾಲೆ, ಆಸ್ಪತ್ರೆ, ನಗರಸಭೆಗಳಿಗೂ ಹಬ್ಬಿತು. ಕೊನೆಗಾರನ ಕರಾರಿಗೂ ಇದಕ್ಕೂ ತತ್ವದಲ್ಲಿ ಭೇದವಿಲ್ಲ.

ಅಪಾಯಗಳೂ ಇವೆ

ಒಳ್ಳೆಯದನ್ನು ಮಾತ್ರ ಹೇಳಿ ಸದಸ್ಯರನ್ನು ಒಪ್ಪಿಸುವುದು ನಮಗೆ ಇಷ್ಟವಿಲ್ಲ. ಈ ಪದ್ಧತಿಯಲ್ಲಿ ನಾಲ್ಕು ಅಪಾಯಗಳನ್ನು ನಾವು ಕಾಣುತ್ತೇವೆ.

ಮೊದಲನೆಯದು, ಸಣ್ಣವರು ಹೊರಬೀಳುವುದು. ಇಡೀ ತಾಲ್ಲೂಕನ್ನು ಒಂದೇ ಗುತ್ತಿಗೆಗೆ ಕೂಡಿಸಿದರೆ ಜೆಸಿಬಿ, ಲಾರಿ, ಬ್ಯಾಂಕ್ ಖಾತರಿ ಇರುವ ದೊಡ್ಡವರಷ್ಟೇ ಉಳಿಯುತ್ತಾರೆ. ಊರಿನ ಮೇಸ್ತ್ರಿ ಅವರ ಕೈಕೆಳಗೆ ತುಂಡು ಕೂಲಿಗೆ ದುಡಿಯಬೇಕಾಗುತ್ತದೆ. ಆದ್ದರಿಂದ ವಲಯಗಳು ಸಣ್ಣವಿರಬೇಕು. ಮೂರು ನಾಲ್ಕು ಗ್ರಾಮ ಪಂಚಾಯಿತಿಗಳಿಗೆ ಒಂದು ವಲಯವಾದರೆ ಸ್ಥಳೀಯರಿಗೂ ಕೈಗೆಟುಕುತ್ತದೆ.

ಎರಡನೆಯದು, ಕಡಿಮೆ ದರಕ್ಕೆ ಹಿಡಿದು ಕರೆದಾಗ ಬಾರದಿರುವುದು. ಇದಕ್ಕೆ ಮದ್ದು, ಒಂದು ವಲಯಕ್ಕೆ ಇಬ್ಬರನ್ನು ಇಟ್ಟುಕೊಳ್ಳುವುದು. ಮೊದಲನೆಯವನು ಹೇಳಿದ ದಿನಗಳೊಳಗೆ ಕೆಲಸ ಹಿಡಿಯದಿದ್ದರೆ ಆದೇಶ ಎರಡನೆಯವನಿಗೆ ಹೋಗಬೇಕು. ಎರಡು ಸಲ ಹಾಗಾದರೆ ಕರಾರು ರದ್ದಾಗಬೇಕು. ಅದೇ ರೀತಿ ಕಂಟ್ರಾಕ್ಟರಿಗೂ ವರ್ಷಕ್ಕೆ ಕನಿಷ್ಠ ಇಷ್ಟು ಕೆಲಸ ಕೊಡುತ್ತೇವೆಂಬ ಭರವಸೆ ಇರಬೇಕು. ಇಲ್ಲದಿದ್ದರೆ ಯಂತ್ರ, ಆಳು ಇಟ್ಟುಕೊಂಡು ಕಾಯುವವರು ಯಾರು? ಕೆಲಸದ ಹಣ ಸಕಾಲಕ್ಕೆ ಬರದಿದ್ದರಂತೂ ಎಂಥ ಕರಾರೂ ಕಾಗದವೇ.

ಮೂರನೆಯದು, ಅಧಿಕಾರಿಯ ಕೈಯಲ್ಲಿ ಕೆಲಸದ ಆದೇಶವೆಂಬ ಅಧಿಕಾರ ಸೇರುವುದು. ಒಬ್ಬರ ಮನೆಯ ಮುಂದಿನ ಗುಂಡಿ ಮೂರು ಸಲ ಮುಚ್ಚಿ, ಇನ್ನೊಬ್ಬರ ಕೇರಿಯದನ್ನು ಮರೆಯಬಹುದು. ಮಾಡದ ಕೆಲಸಕ್ಕೆ ಬಿಲ್ಲೂ ಆಗಬಹುದು. ಇದಕ್ಕೆ ಒಂದೇ ಔಷಧಿ, ಬಯಲು ಮಾಡುವುದು. ಪ್ರತಿ ಆದೇಶದ ಸ್ಥಳ, ಅಳತೆ, ಮೊತ್ತ, ಮುಗಿದ ದಿನ ಪಂಚಾಯಿತಿಯ ಹಲಗೆಯ ಮೇಲೆ ಬರಲಿ. ಕೆಲಸಕ್ಕೆ ಮೊದಲು ಮತ್ತು ಆಮೇಲೆ ತೆಗೆದ ಚಿತ್ರ ಕಡತದಲ್ಲಿರಲಿ. ಗ್ರಾಮಸಭೆಯಲ್ಲೂ ಜಮಾಬಂದಿಯಲ್ಲೂ ಪಟ್ಟಿ ಓದಲಿ. ೨೦೦೫ರ ಮಾಹಿತಿ ಹಕ್ಕು ಕಾಯಿದೆ ಬಂದ ಮೇಲೆ ಇವನ್ನು ಕೇಳುವ ಹಕ್ಕು ನಮ್ಮೆಲ್ಲರಿಗಿದೆ. ಕೇಳುವವರಿದ್ದಾರೆಂದು ಗೊತ್ತಾದರೆ ಅರ್ಧ ಕೆಲಸ ಆದಂತೆ.

ನಾಲ್ಕನೆಯದು, ದೊಡ್ಡ ಕೆಲಸವನ್ನು ತುಂಡು ಮಾಡಿ ಸಣ್ಣದೆಂದು ತೋರಿಸುವುದು. ಆದೇಶಕ್ಕೆ ಹಣದ ಮಿತಿ, ಒಂದೇ ಸ್ಥಳಕ್ಕೆ ವರ್ಷದಲ್ಲಿ ಎರಡನೆಯ ಆದೇಶ ಬೇಕಾದರೆ ಮೇಲಿನವರ ಒಪ್ಪಿಗೆ, ಇವೆರಡು ಕರಾರಿನಲ್ಲೇ ಇರಬೇಕು. ಅವಧಿ ಗುತ್ತಿಗೆ ಇರುವುದು ಮಾಮೂಲು ಕೆಲಸಕ್ಕೆ. ೨೦೧೮ರ ಆಗಸ್ಟಿನಲ್ಲಿ ಕೊಡಗಿನಲ್ಲಿ, ೨೦೧೯ರ ಆಗಸ್ಟಿನಲ್ಲಿ ಮೂಡಿಗೆರೆ ಸೀಮೆಯಲ್ಲಿ ಗುಡ್ಡಗಳೇ ಜಾರಿ ಬಂದವು. ೨೦೦೯ರ ಸೆಪ್ಟೆಂಬರ್ ಕೊನೆ ಮತ್ತು ಅಕ್ಟೋಬರ್ ಆರಂಭದಲ್ಲಿ ವಿಜಯಪುರ, ಬಾಗಲಕೋಟೆ ಕಡೆ ನೆರೆ ಬಂತು. ಅಂಥದಕ್ಕೆ ಬೇರೆ ಹಣ, ಬೇರೆ ವಿನ್ಯಾಸ, ಬೇರೆ ಟೆಂಡರು ಬೇಕೇ ಬೇಕು. ಎರಡನ್ನೂ ಬೆರೆಸಿದರೆ ಎರಡೂ ಕೆಡುತ್ತವೆ.

ನಮ್ಮ ಸಂಘದಲ್ಲಿ ಮೊದಲು

ಪರರಿಗೆ ಹೇಳುವ ಮೊದಲು ನಾವೇ ಮಾಡಿ ನೋಡಬೇಕೆಂಬುದು ಆಡಳಿತ ಮಂಡಳಿಯ ಅಭಿಪ್ರಾಯ. ಸಂಘಕ್ಕೆ ಎರಡು ಗೋದಾಮು, ಗೊಬ್ಬರದ ಮಳಿಗೆ, ಕಾಂಕ್ರೀಟು ಕಣ, ಕಚೇರಿ ಕಟ್ಟಡ ಇವೆ. ಪ್ರತಿ ವರ್ಷವೂ ಹೆಂಚು, ಶೀಟು, ಗಟಾರ, ಕಣದ ಬಿರುಕು, ಗೇಟು ಎಂದು ಹತ್ತಾರು ಸಣ್ಣ ಕೆಲಸ ಬರುತ್ತವೆ. ಒಂದೊಂದಕ್ಕೂ ಮೂರು ದರಪತ್ರ ತರಿಸಿ, ಮಂಡಳಿಯ ಸಭೆಯಲ್ಲಿಟ್ಟು, ಒಪ್ಪಿಗೆ ಪಡೆಯುವಷ್ಟರಲ್ಲಿ ಮಳೆ ಕಾಯುವುದಿಲ್ಲ. ಆದ್ದರಿಂದ ಮೊದಲನೆಯ ನಿರ್ಣಯವಾಗಿ ಈ ಕೆಳಗಿನ ಕರಾರನ್ನು ಸಭೆಯ ಮುಂದಿಡುತ್ತೇವೆ.

೧. ಪತ್ರಿಕೆಯಲ್ಲಿಯೂ ಸೂಚನಾಫಲಕದಲ್ಲಿಯೂ ಪ್ರಕಟಿಸಿ ಒಂದೇ ಬಹಿರಂಗ ಟೆಂಡರು. ಅವಧಿ ಒಂದು ವರ್ಷ. ಕ್ರಮ ಸರಿಯಿದ್ದರೆ ಇನ್ನೆರಡು ಸಲ ಒಂದೊಂದು ವರ್ಷಕ್ಕೆ ಮುಂದುವರಿಕೆ.

೨. ಆಯಾ ವರ್ಷದ ಲೋಕೋಪಯೋಗಿ ದರಪಟ್ಟಿಗೆ ಶೇಕಡಾವಾರು ದರ. ಕಡಿಮೆ ಹೇಳಿದ ಇಬ್ಬರನ್ನು ಇಟ್ಟುಕೊಳ್ಳುವುದು. ಇಬ್ಬರಿಗೂ ಕಡಿಮೆಯವರ ದರವೇ.

೩. ಒಂದು ಆದೇಶದ ಮಿತಿ ೧ ಲಕ್ಷ ರೂಪಾಯಿ. ಮೇಲಿನದಕ್ಕೆ ಪ್ರತ್ಯೇಕ ಟೆಂಡರು.

೪. ಕಾರ್ಯದರ್ಶಿ ಮತ್ತು ಒಬ್ಬ ನಿರ್ದೇಶಕರು ಒಟ್ಟಿಗೆ ಸ್ಥಳ ನೋಡಿ ಆದೇಶಕ್ಕೆ ಸಹಿ ಮಾಡಬೇಕು. ಆದೇಶವಾದ ೭ ದಿನಗಳೊಳಗೆ ಕೆಲಸ ಆರಂಭ. ಸೋರುವ ಮಾಡಿಗೆ ೨ ದಿನ.

೫. ಕೆಲಸ ಮುಗಿದು ಅಳತೆಯಾದ ೧೫ ದಿನಗಳೊಳಗೆ ಶೇಕಡಾ ೯೫ ಪಾವತಿ. ಉಳಿದ ಶೇಕಡಾ ೫ ಒಂದು ಮಳೆಗಾಲ ಕಳೆದ ಮೇಲೆ.

೬. ಎಲ್ಲ ಆದೇಶಗಳ ಪಟ್ಟಿಯನ್ನು ಮೂರು ತಿಂಗಳಿಗೊಮ್ಮೆ ಈ ಪತ್ರಿಕೆಯಲ್ಲಿ ಅಚ್ಚುಮಾಡುವುದು.

೭. ಯಾವ ಪಕ್ಷವಾದರೂ ೩೦ ದಿನಗಳ ನೋಟೀಸು ಕೊಟ್ಟು ಹೊರಬರಬಹುದು.

ಕೊನೆಯ ಅಂಶವನ್ನು ಕೆಲವು ಹಿರಿಯರು ಒಪ್ಪಿಲ್ಲ. "ಬಿಟ್ಟುಹೋಗಲು ಬಾಗಿಲು ತೆರೆದಿಟ್ಟರೆ ಅದು ಎಂಥ ಕರಾರು?" ಎಂಬುದು ಅವರ ಪ್ರಶ್ನೆ. ದೀರ್ಘಾವಧಿ ಎಂದರೆ ಬಂಧನವಲ್ಲ, ಒಳ್ಳೆಯ ಕೆಲಸಕ್ಕೆ ಮುಂದಿನ ಕೆಲಸದ ಆಸೆ ಎಂಬುದು ನಮ್ಮ ಉತ್ತರ. ಕೊನೆಗಾರನನ್ನು ಮರುವರ್ಷ ಕರೆತರುವುದು ಆ ಆಸೆಯೇ ಹೊರತು ಕಾಗದವಲ್ಲ. ಆದರೂ ಇದು ಸಭೆ ತೀರ್ಮಾನಿಸಬೇಕಾದ ವಿಷಯ.

ಎರಡನೆಯ ನಿರ್ಣಯ ಜಿಲ್ಲಾ ಪಂಚಾಯಿತಿಗೂ ನಮ್ಮ ವ್ಯಾಪ್ತಿಯ ಗ್ರಾಮ ಪಂಚಾಯಿತಿಗಳಿಗೂ ಮನವಿ. ಐದು ವರ್ಷ ಮೀರಿದ ಗ್ರಾಮ ಸಡಕ್ ರಸ್ತೆಗಳನ್ನು ಮಾರ್ಗಸೂಚಿಯಂತೆ ವಲಯ ನಿರ್ವಹಣೆಗೆ ಸೇರಿಸಬೇಕು. ಮೋರಿ, ಚರಂಡಿ, ಕಾಲುಸಂಕಗಳ ಮಾಮೂಲು ದುರಸ್ತಿಗೆ ಸಣ್ಣ ವಲಯಗಳ ಅವಧಿ ಗುತ್ತಿಗೆಯನ್ನು ಪ್ರಾಯೋಗಿಕವಾಗಿಯಾದರೂ ಆರಂಭಿಸಬೇಕು. ಟೆಂಡರು ಏಪ್ರಿಲ್, ಮೇ ತಿಂಗಳಲ್ಲೇ ಮುಗಿದು, ಮಳೆ ಹಿಡಿಯುವಾಗ ಕಂಟ್ರಾಕ್ಟರು ಸಿದ್ಧನಿರಬೇಕು ಎಂಬುದು ಅದರ ಸಾರ.

ಈ ಮನವಿಗೆ ಬಲ ಬರಬೇಕಾದರೆ ಲೆಕ್ಕ ಬೇಕು. ಆದ್ದರಿಂದ ಪ್ರತಿಯೊಬ್ಬ ಸದಸ್ಯರೂ ತಮ್ಮ ದಾರಿಯ ಆರಂಭದ ಫಲಕವನ್ನು ಒಮ್ಮೆ ಓದಿ, ರಸ್ತೆ ಮುಗಿದ ದಿನಾಂಕ, ನಿರ್ವಹಣೆಯ ಅವಧಿ, ಈಗ ಕೆಟ್ಟಿರುವ ಸ್ಥಳಗಳು, ಅವು ಕೆಟ್ಟ ತಿಂಗಳು ಮತ್ತು ಸರಿಯಾದ ತಿಂಗಳು, ಇಷ್ಟನ್ನು ಒಂದು ಹಾಳೆಯಲ್ಲಿ ಬರೆದು ಮಹಾಸಭೆಗೆ ಒಂದು ವಾರ ಮೊದಲು ಸಂಘದ ಕಚೇರಿಗೆ ತಲುಪಿಸಬೇಕಾಗಿ ವಿನಂತಿ. ಫಲಕವೇ ಬಿದ್ದುಹೋಗಿದ್ದರೆ ಅದನ್ನೂ ಬರೆಯಿರಿ. ಹಾಳೆಗಳನ್ನು ಊರುವಾರು ಜೋಡಿಸಿ ಮನವಿಯೊಡನೆ ಲಗತ್ತಿಸುವ ಕೆಲಸ ನಮ್ಮದು.